ಹಾಲಿವುಡ್ ಮೇಲೆ ಎಫ್‌ಬಿಐ ಕಣ್ಣು

ಪ್ರಶ್ನೆ: ಕಮ್ಯುನಿಸ್ಟರನ್ನು ಹುಡುಕುವ ನೆಪದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹಾಲಿವುಡ್ ಮೇಲೆ ವರ್ಷಗಟ್ಟಲೆ ಬೇಹುಗಾರಿಕೆ ನಡೆಸಿತಂತೆ. ನೋಡುತ್ತಿದ್ದದ್ದು ಸಿನಿಮಾಗಳನ್ನೋ, ಜನರನ್ನೋ? ಆ ಕಡತಗಳನ್ನು ಈಗ ಓದಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡನ್ನೂ ನೋಡುತ್ತಿದ್ದರು, ಹೆಚ್ಚಾಗಿ ಜನರನ್ನೇ. 1942ರಲ್ಲಿ ಶುರುವಾದ ‘ಕಾಂಪಿಕ್’ ಎಂಬ ಕಡತ 1958ರವರೆಗೂ ಬೆಳೆಯಿತು. ಲಾಸ್ ಏಂಜಲೀಸ್‌ನ ಕಮ್ಯುನಿಸ್ಟ್ ಪಕ್ಷದ ಕಚೇರಿಗೆ ಏಜೆಂಟರು ಕದ್ದು ನುಗ್ಗಿ ಸದಸ್ಯತ್ವದ ದಾಖಲೆಗಳ ಫೋಟೊ ತೆಗೆದರು. ಉಳಿದದ್ದನ್ನು ಉದ್ಯಮದೊಳಗಿನ ಮಾಹಿತಿದಾರರು ಒದಗಿಸಿದರು.

ಸಿನಿಮಾ ನೋಡುವ ಬಗೆ ಹೇಗಿತ್ತು ಎನ್ನುವುದಕ್ಕೆ 1947ರ ಮೇ ತಿಂಗಳ ಒಂದು ವರದಿ ಸಾಕು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದಲ್ಲಿ ಬ್ಯಾಂಕಿನ ಧಣಿಯನ್ನು ಜಿಪುಣನಾಗಿ, ಎಲ್ಲರೂ ದ್ವೇಷಿಸುವಂತೆ ತೋರಿಸಿದ್ದೇ ಕಮ್ಯುನಿಸ್ಟ್ ತಂತ್ರ ಎಂದು ಅದರಲ್ಲಿ ಬರೆದಿದೆ. ಚಿತ್ರದ ಲೇಖಕ ದಂಪತಿ ಫ್ರಾನ್ಸಿಸ್ ಗುಡ್‌ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್ ಮೇಲಿನ ಒಂದು ಆರೋಪವೆಂದರೆ, ಎಂಜಿಎಂ ಸ್ಟುಡಿಯೊಗಾಗಿ ಕೆಲಸ ಮಾಡುತ್ತಿದ್ದಾಗ ದಿನವೂ ಕಮ್ಯುನಿಸ್ಟ್ ಚಿತ್ರಕಥೆಗಾರ ಲೆಸ್ಟರ್ ಕೋಲ್ ಜೊತೆ ಮಧ್ಯಾಹ್ನದ ಊಟ ಮಾಡುತ್ತಿದ್ದರು ಎಂಬುದು! ಯಾರ ಪಂಕ್ತಿಯಲ್ಲಿ ಉಂಡರು ಎನ್ನುವುದೂ ಸಾಕ್ಷಿಯಾಗುತ್ತಿತ್ತು.

ಇದಕ್ಕಿಂತ ಘೋರವಾದದ್ದು ಮುಂದೆ ನಡೆಯಿತು. ಎಫ್‌ಬಿಐ ಗುಟ್ಟಾಗಿ ಸಂಸತ್ತಿನ ವಿಚಾರಣಾ ಸಮಿತಿಗೆ ಮಾಹಿತಿ ಕೊಟ್ಟಿತು. ಮಾಹಿತಿದಾರ ಯಾರೆಂದೇ ತಿಳಿಯದಿದ್ದಾಗ ಅವನಿಗೆ ಪಾಟೀಸವಾಲು ಹಾಕುವುದು ಹೇಗೆ? 1947ರ ಅಕ್ಟೋಬರ್‌ನಲ್ಲಿ ಸಮಿತಿಗೆ ಉತ್ತರಿಸಲೊಪ್ಪದ ಹತ್ತು ಮಂದಿಯನ್ನು ಸ್ಟುಡಿಯೊಗಳು ಅದೇ ನವೆಂಬರ್‌ನಲ್ಲಿ ಹೊರಗಿಟ್ಟವು. ಮುಂದೆ ಎಲ್ಲರಿಗೂ ಜೈಲಾಯಿತು. ಲೆಸ್ಟರ್ ಕೋಲ್ ಅವರಲ್ಲೊಬ್ಬರು.

ಕಡತಗಳನ್ನು ಓದಬಹುದು. ಎಫ್‌ಬಿಐನ ‘ವಾಲ್ಟ್’ ಜಾಲತಾಣದಲ್ಲಿ ಚಾರ್ಲಿ ಚಾಪ್ಲಿನ್ ಕಡತ ಉಚಿತವಾಗಿ ಸಿಗುತ್ತದೆ, ಅದರಿಂದ ಶುರುಮಾಡಿ. ಹೆಸರು ಅಳಿಸಿದ ಕಡೆ ಅಂಚಿನಲ್ಲಿರುವ ಸಂಕೇತವನ್ನು ಮೊದಲು ನೋಡಿ: ‘ಬಿ6’, ‘ಬಿ7ಸಿ’ ಎಂದರೆ ವ್ಯಕ್ತಿಯ ಖಾಸಗಿತನ ಕಾಯಲು ಅಳಿಸಿದ್ದು, ‘ಬಿ7ಡಿ’ ಎಂದರೆ ಗುಪ್ತ ಮಾಹಿತಿದಾರರಿಗೆ ಸಂಬಂಧಿಸಿದ್ದು. ಹೊಸಬರು ಹೆಚ್ಚು ಎಡವುವುದು ‘ಟಿ-1’, ‘ಟಿ-2’ ಎಂಬ ಸಂಖ್ಯೆಗಳಲ್ಲಿ. ಇವು ಮಾಹಿತಿದಾರರಿಗೆ ಆಯಾ ವರದಿಯ ಮಟ್ಟಿಗೆ ಮಾತ್ರ ಕೊಟ್ಟ ತಾತ್ಕಾಲಿಕ ಗುರುತುಗಳು. ನಟ ರೊನಾಲ್ಡ್ ರೇಗನ್ ‘ಟಿ-10’ ಆಗಿದ್ದರು ಎಂದ ಮಾತ್ರಕ್ಕೆ ಕಂಡ ಕಂಡ ಟಿ-10 ಎಲ್ಲ ಅವರೇ ಆಗಲಾರರು. ಟೈಪ್‌ರೈಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ ಎಂದು ಹೆಸರಿನ ಮೇಲೆ ಬಳಿದ ಕಪ್ಪು ಗೆರೆಯ ಉದ್ದ ಅಳೆದು ಹೆಸರು ಊಹಿಸಲೂ ಹೋಗಬೇಡಿ. ಅಷ್ಟೇ ಉದ್ದದ ಹೆಸರು ಹತ್ತಾರು ಸಿಗುತ್ತವೆ.