ಹಳೇ ಅಲ್ಯೂಮಿನಿಯಂ ದೋಣಿಗೆ ಯಾವ ಮೋಟಾರ್?

14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿಗೆ 25 ಎಚ್‌ಪಿ ಔಟ್‌ಬೋರ್ಡ್ ಮೋಟಾರ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟಾರ್) ಹಾಕಬಹುದಾ ಅಂತ ಕೇಳಿದ್ದೀರಿ. ದೋಣಿಯೊಳಗೆ ಕಂಪನಿಯ ತಗಡಿನ ಪಟ್ಟಿ ಇದ್ದರೆ ನೋಡಿ, ಅದರಲ್ಲಿರುವ ಗರಿಷ್ಠ ಎಚ್‌ಪಿ ದಾಟಲೇಬೇಡಿ.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಟ್ರಾನ್ಸಮ್‌ದು, ಅಂದರೆ ಮೋಟಾರ್ ಕೂರುವ ಹಿಂಬದಿ ಹಲಗೆ. ಹಳೇ ದೋಣಿಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಪ್ಲೈವುಡ್ ಇರುತ್ತೆ, ಬೋಲ್ಟ್ ತೂತಿನಿಂದ ನೀರು ಇಳಿದು ಇಳಿದು ಹೊರಗೆ ಗೊತ್ತೇ ಆಗದ ಹಾಗೆ ಒಳಗೊಳಗೆ ಕೊಳೆತಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋಯಿತು ಅಂದರೆ ಮೋಟಾರ್ ಮಾತು ಆಮೇಲೆ, ಮೊದಲು ಹಲಗೆ ಬದಲಿಸಿ.

ತೂಕವನ್ನೂ ಮರೆಯಬೇಡಿ. ಅಷ್ಟೇ ಎಚ್‌ಪಿಯ ಫೋರ್ ಸ್ಟ್ರೋಕ್ ಮೋಟಾರ್ ಹಳೇ ಟೂ ಸ್ಟ್ರೋಕ್‌ಗಿಂತ ಸಾಮಾನ್ಯವಾಗಿ ಭಾರ, ನೀವು ಹಿಂದೆ ಕೂತರೆ ಹಿಂಬದಿ ಇನ್ನೂ ತಗ್ಗುತ್ತೆ, ಅಲ್ವಾ? ಪೆಟ್ರೋಲ್ ಟ್ಯಾಂಕ್ ಮುಂದಕ್ಕೆ ಸರಿಸಿದರೆ ಸ್ವಲ್ಪ ಸರಿಹೋಗುತ್ತೆ.

ಇಬ್ಬರು ಮೀನು ಹಿಡಿಯೋಕೆ ಹೋಗುವುದಾದರೆ 15 ಎಚ್‌ಪಿ ಧಾರಾಳ ಸಾಕು, ಸುಮ್ನೆ 25ರ ಹಿಂದೆ ಬೀಳಬೇಡಿ. ಕೊಳ್ಳುವ ಮುಂಚೆ ಟ್ರಾನ್ಸಮ್ ಎತ್ತರ ಅಳೆಯಿರಿ: ಸುಮಾರು 15 ಇಂಚು ಇದ್ದರೆ ಶಾರ್ಟ್ ಶಾಫ್ಟ್ (ನೀರಿಗಿಳಿಯುವ ಭಾಗ ಗಿಡ್ಡ ಇರುವ ಮೋಟಾರ್), 20 ಇದ್ದರೆ ಲಾಂಗ್ ಶಾಫ್ಟ್ (ಆ ಭಾಗ ಉದ್ದ ಇರುವುದು).