ರಕ್ತ ತೆಗೆಯುವವಳಿಗೆ ಇಷ್ಟೆಲ್ಲ ಕೆಮಿಸ್ಟ್ರಿ ಯಾಕೆ?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: ಮಗಳು ಹಾಸನದಲ್ಲಿ ಬಿ.ಎಸ್ಸಿ. ಎಂ.ಎಲ್.ಟಿ. (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಮೊದಲ ವರ್ಷ ಓದುತ್ತಿದ್ದಾಳೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಮೊದಲ ಇಂಟರ್ನಲ್ಸ್‌ನಲ್ಲಿ ಬಯೋಕೆಮಿಸ್ಟ್ರಿ ಕೈಕೊಟ್ಟಿದೆ. ‘ರಕ್ತ ತೆಗೆದು ಮೆಷಿನ್ನಿಗೆ ಹಾಕುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಓದಬೇಕು?’ ಎಂದು ಅವಳು ಕೇಳುತ್ತಾಳಂತೆ. ಬಿಡಿಸಿ ಡಿಪ್ಲೊಮಾಕ್ಕೆ ಸೇರಿಸಲೇ ಎನ್ನುವುದು ತಂದೆಯ ಪ್ರಶ್ನೆ.

ಸಂಪಾದಕರ ಉತ್ತರ:

ನಮಸ್ಕಾರ. ದಯವಿಟ್ಟು ಬಿಡಿಸಬೇಡಿ. ಡಿಪ್ಲೊಮಾದಲ್ಲೂ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಪ್ಪುವುದಿಲ್ಲ. ಆದರೆ ಅವಳ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಸಿಗದೆ ಓದು ತಲೆಗೆ ಹತ್ತುವುದಿಲ್ಲ.

ಬೆಳಿಗ್ಗೆ ಹಳ್ಳಿಯ ಶಿಬಿರದಲ್ಲಿ ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದು ಖಾಲಿ ಟ್ಯೂಬಿಗೆ ತುಂಬಿದರು ಎಂದಿಟ್ಟುಕೊಳ್ಳಿ. ಟ್ಯೂಬಿಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣಾಂಶದಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. 120 ಇದ್ದದ್ದು ಮೂರು ಗಂಟೆಯಲ್ಲಿ 100ರ ಆಸುಪಾಸಿಗೆ ಬಂದರೆ ಮಧುಮೇಹದ ಅನುಮಾನವೇ ಮುಚ್ಚಿಹೋಯಿತು. ಅದಕ್ಕೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್. ಫ್ಲೋರೈಡ್ ತಡೆಯುವುದು ಇನೋಲೇಸ್ ಎಂಬ ಕಿಣ್ವವನ್ನು. ಕಣಗಳು ಗ್ಲೂಕೋಸನ್ನು ಒಡೆಯುವ ಕ್ರಿಯೆಯಾದ ಗ್ಲೈಕೊಲಿಸಿಸ್‌ನ ಹತ್ತು ಹಂತಗಳಲ್ಲಿ ಅದು ಬರುವುದು ಒಂಬತ್ತನೆಯದಾಗಿ. ತಡೆ ಅಷ್ಟು ಕೊನೆಯಲ್ಲಿರುವುದರಿಂದ ಮೊದಲ ಒಂದೆರಡು ಗಂಟೆ ಸಕ್ಕರೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಬೂದು ಟ್ಯೂಬೆಂದು ನಿಶ್ಚಿಂತರಾಗುವಂತಿಲ್ಲ, ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಕಣಗಳಿಂದ ಬೇಗ ಬೇರ್ಪಡಿಸಬೇಕು. ಅವಳು ಬೇಸರದಿಂದ ಉರು ಹೊಡೆಯುತ್ತಿರುವ ಆ ಹತ್ತು ಹಂತಗಳ ಪಟ್ಟಿಯೇ ಇದನ್ನು ಹೇಳುತ್ತಿದೆ.

ಇನ್ನೊಂದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವುದು ಇ.ಡಿ.ಟಿ.ಎ.ಯ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡಲು ಬಳಸುವ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಬಂದಾಗ ನೇರಳೆಯದರಿಂದ ಸ್ವಲ್ಪ ಸುರಿದುಬಿಟ್ಟರೆ? ವರದಿಯಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ, ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದೆ. ಚೆನ್ನಾಗಿರುವ ರೋಗಿಗೆ ಹೃದಯದ ಚಿಕಿತ್ಸೆ ಶುರುವಾಗಬಹುದು. ಮೆಷಿನ್ ತಪ್ಪು ಹೇಳಲಿಲ್ಲ, ಟ್ಯೂಬಿನಲ್ಲಿದ್ದದ್ದನ್ನೇ ಹೇಳಿತು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಕೆಂಪುಕಣ ಒಡೆದರೂ ಪೊಟ್ಯಾಸಿಯಂ ಏರುತ್ತದೆ, ಏಕೆಂದರೆ ಕಣದೊಳಗೆ ಅದು ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಈ ಮಾತು ಬರುವುದು ಫಿಸಿಯಾಲಜಿಯ ಮೊದಲ ಅಧ್ಯಾಯಗಳಲ್ಲಿ.

ನೇರಳೆ ಟ್ಯೂಬನ್ನು ತುಂಬಿದ ಕೂಡಲೇ ಎಂಟ್ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಬಿಟ್ಟರೆ ಸಣ್ಣ ಹೆಪ್ಪುಗಳಾಗಿ ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ತೋರಿಸುತ್ತದೆ. ಡೆಂಗ್ಯೂ, ಮಂಗನ ಕಾಯಿಲೆ ಓಡಾಡುವ ನಮ್ಮ ಮಲೆನಾಡಿನಲ್ಲಿ ಆ ಒಂದು ಸಂಖ್ಯೆ ಮನೆಯವರನ್ನು ರಾತ್ರೋರಾತ್ರಿ ದೊಡ್ಡಾಸ್ಪತ್ರೆಗೆ ಓಡಿಸುತ್ತದೆ.

ಅನಾಟಮಿಗೆ ಮೊಣಕೈ ಮಡಿಕೆಯಿಂದಲೇ ಶುರು ಮಾಡಲಿ. ಮಧ್ಯದ ಕ್ಯೂಬಿಟಲ್ ಅಭಿಧಮನಿ ಮೊದಲ ಆಯ್ಕೆ. ಒಳಬದಿಯ ಬೆಸಿಲಿಕ್ ಅಭಿಧಮನಿಯ ಹತ್ತಿರವೇ ಬ್ರೇಕಿಯಲ್ ಅಪಧಮನಿಯೂ ಮೀಡಿಯನ್ ನರವೂ ಇರುವುದರಿಂದ ಅದು ಕೊನೆಯ ಆಯ್ಕೆ. ತನ್ನ ಕೈಯನ್ನೇ ನೋಡಿಕೊಂಡು ಹತ್ತು ಸಲ ಬರೆದರೆ ಚಿತ್ರ ಮರೆಯುವುದಿಲ್ಲ.

ಕನ್ನಡ ಮಾಧ್ಯಮದ ಮಕ್ಕಳು ನಿಜಕ್ಕೂ ಎಡವುವುದು ವಿಷಯದಲ್ಲಲ್ಲ, ಪದಗಳಲ್ಲಿ. ಅದಕ್ಕೆ ಪದವನ್ನು ಒಡೆಯುವುದು ಕಲಿಯಬೇಕು: ‘ಹೈಪರ್’ ಹೆಚ್ಚು, ‘ಹೈಪೋ’ ಕಡಿಮೆ, ‘ಈಮಿಯಾ’ ರಕ್ತದಲ್ಲಿ, ‘ಯೂರಿಯಾ’ ಕೊನೆಗೆ ಬಂದರೆ ಮೂತ್ರದಲ್ಲಿ. ಹೈಪರ್‌ಕಲೀಮಿಯಾ ಎಂದರೆ ಪೊಟ್ಯಾಸಿಯಂ ಹೆಚ್ಚು, ಹೈಪರ್‌ಕ್ಯಾಲ್ಸೀಮಿಯಾ ಎಂದರೆ ಕ್ಯಾಲ್ಸಿಯಂ ಹೆಚ್ಚು. ಕಿವಿಗೆ ಒಂದೇ ಥರ ಕೇಳುವ ಇಂಥ ಜೋಡಿಗಳಿಗೆ ಬೇರೆ ನೋಟ್‌ಬುಕ್ ಇರಲಿ, ಅರ್ಥ ಕನ್ನಡದಲ್ಲೇ ಬರೆದುಕೊಳ್ಳಲಿ. ಗೈಡುಗಳನ್ನು ಮೊದಲ ವರ್ಷ ಕೊಡಿಸಬೇಡಿ. ಅವು ಪಾಸು ಮಾಡಿಸುತ್ತವೆ, ಕಾರಣ ಹೇಳಿಕೊಡುವುದಿಲ್ಲ.

ಲೆಕ್ಕದ ಭಯಕ್ಕೆ ಮದ್ದು ನಿಮ್ಮ ಮನೆಯಲ್ಲೇ ಇದೆ. ಅಡಿಕೆ ಕೊಳೆರೋಗಕ್ಕೆ 1 ಪರ್ಸೆಂಟ್ ಬೋರ್ಡೋ (ಶಿಲೀಂಧ್ರನಾಶಕ ದ್ರಾವಣ) ಮಾಡುವಾಗ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕುತ್ತೀರಲ್ಲ, ಲ್ಯಾಬಿನ ಪರ್ಸೆಂಟೂ ಅದೇ. 0.9 ಪರ್ಸೆಂಟ್ ಸಲೈನ್ ಎಂದರೆ 100 ಮಿ.ಲೀ.ಗೆ 0.9 ಗ್ರಾಂ ಉಪ್ಪು, ಲೀಟರಿಗೆ 9 ಗ್ರಾಂ. ಲ್ಯಾಬಿನ ಸೋಂಕುನಿವಾರಕವಾದ 5 ಪರ್ಸೆಂಟ್ ಹೈಪೋಕ್ಲೋರೈಟನ್ನು 1 ಪರ್ಸೆಂಟಿಗೆ ಇಳಿಸಲು 200 ಮಿ.ಲೀ.ಗೆ 800 ಮಿ.ಲೀ. ನೀರು. ಇಲ್ಲಿ ಹುಡುಗರು 200ಕ್ಕೆ 1000 ಮಿ.ಲೀ. ನೀರು ಸುರಿದು ತಪ್ಪುತ್ತಾರೆ. ಐದು ಪಾಲಾಗಬೇಕಾದದ್ದು ಒಟ್ಟು ಅಳತೆ, ಸೇರಿಸುವ ನೀರಲ್ಲ. ಬೋರ್ಡೋಗೆ ಕಬ್ಬಿಣದ ಚಾಕು ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೀರಲ್ಲ, ಅದು ಆಮ್ಲ–ಪ್ರತ್ಯಾಮ್ಲದ ಪರೀಕ್ಷೆಯೇ. ಪಿ.ಎಚ್. ಪಾಠ ಅಲ್ಲಿಂದ ಶುರುವಾಗಲಿ.

ಅವಳು ರಜೆಗೆ ಬಂದಾಗ 200 ಲೀಟರಿನ ಬ್ಯಾರೆಲ್ ಪಕ್ಕ ನಿಲ್ಲಿಸಿಕೊಂಡು, ಕಾಫಿಯ ಎಲೆ ತುಕ್ಕಿಗೆ ಅರ್ಧ ಪರ್ಸೆಂಟ್ ಬೋರ್ಡೋ ಬೇಕು, ಮೈಲುತುತ್ತ ಎಷ್ಟು ಎಂದು ಕೇಳಿ. ಒಂದು ಕೆ.ಜಿ. ಎಂದು ಪೇಪರಿಲ್ಲದೆ ಹೇಳಿದರೆ, ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ಸಿನ ದ್ರಾವಣದ ಲೆಕ್ಕಗಳನ್ನು ಅದೇ ಬ್ಯಾರೆಲ್ ಪಕ್ಕ ಒಂದೊಂದಾಗಿ ಬಿಡಿಸಲು ಹೇಳಿ.