ಕುಕ್ರಿನೂ ಬೇಡ, ಒಡಿಕತ್ತಿನೂ ಬೇಡ, ಮೊದಲು ಒಬ್ಬ ಆಚಾರ್ರನ್ನು ಹುಡುಕಿ

ಸಕಲೇಶಪುರದ ಹತ್ತಿರ ಸ್ವಲ್ಪ ಜಾಗ ತಗೊಂಡಿದ್ದೀರಿ. ಬೇಲಿ ಸವರೋಕೆ, ಲಂಟಾನ ಕಡಿಯೋಕೆ ಕೈಯಲ್ಲಿ ಮಾಡಿದ ಬಾಗಿದ ಕತ್ತಿ ಬೇಕು. ನೇಪಾಳದ ಕುಕ್ರಿ ತರಿಸಲಾ, ಕೊಡಗಿನ ಒಡಿಕತ್ತಿ ತಗೊಳ್ಳಲಾ, ಯಾವ ಸ್ಟೀಲ್ ಒಳ್ಳೇದು ಅಂತ ಕೇಳಿದ್ದೀರಿ. ಬೆಂಗಳೂರಿನ ಕೆಲಸ ಬಿಟ್ಟು ಸಾಗರದ ಕಡೆ ನಮ್ಮ ತೋಟಕ್ಕೆ ವಾಪಸ್ ಬಂದ ವರ್ಷ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ರಾತ್ರಿ ಮಲಗೋ ಮುಂಚೆ ಫೋನಿನಲ್ಲಿ ಕತ್ತಿಗಳ ವಿಡಿಯೋ ನೋಡೋದೇ ಕೆಲಸ.

ಅಪ್ಪನ ಕತ್ತಿ ಮನೆಯಲ್ಲೇ ಇತ್ತು. ಮಸೆದು ಮಸೆದು ಅಲಗು ಅರ್ಧಕ್ಕರ್ಧ ಸವೆದು ಹೋಗಿತ್ತು, ಹಿಡಿ ಕೈಬೆವರು ಕುಡಿದು ಕಪ್ಪಾಗಿತ್ತು. ನೋಡೋಕೆ ಏನೇನೂ ಚೆಂದ ಇರಲಿಲ್ಲ. ಕುಕ್ರಿ ಆರ್ಡರ್ ಮಾಡಿದೆ.

ಬಂದಿದ್ದು ಡೂಪ್ಲಿಕೇಟ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಾರಿ ಪಟ್ಟಿಯಲ್ಲಿ, ಅಂದರೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಲ್ಲಿ, ಬಡಿದ ದಪ್ಪ ಬೆನ್ನು, ಎಮ್ಮೆ ಕೋಡಿನ ಹಿಡಿ, ಚರ್ಮದ ಒರೆ. ಒರೆಯ ಹಿಂದೆ ಎರಡು ಪುಟ್ಟ ಸಲಕರಣೆ. ಒಂದು ಕರ್ದಾ, ಅದು ಸಣ್ಣ ಚಾಕು. ಇನ್ನೊಂದು ಚಕ್ಮಕ್, ಬಾಯಿ ಹರಿತ ಇಲ್ಲದ್ದು, ಕತ್ತಿಯ ಅಂಚು ನೇರ ಮಾಡೋಕೆ, ಬೆಣಚುಕಲ್ಲಿಗೆ ಹೊಡೆದು ಕಿಡಿ ಎಬ್ಬಿಸೋಕೆ. ಭೋಜಪುರ, ಧರಾನ್ ಕಡೆಯ ಕಮ್ಮಾರರು ಕಾಯಿಸಿದ ಅಲಗನ್ನು ಪೂರ್ತಿ ನೀರಿಗೆ ಅದ್ದೋದಿಲ್ಲ, ಕೆಟಲ್‌ನಿಂದ ಬಾಯಿಯ ಉದ್ದಕ್ಕೂ ನೀರು ಸುರಿಯುತ್ತಾರೆ. ಹಾಗಾಗಿ ಬಾಯಿ ಮಾತ್ರ ಗಡುಸಾಗುತ್ತೆ, ಬೆನ್ನು ಮೆತ್ತಗೆ ಉಳಿದು ಪೆಟ್ಟು ತಾಳಿಕೊಳ್ಳುತ್ತೆ. ಒಳ್ಳೆ ವಿದ್ಯೆ ಅದು.

ಆದರೆ ಅದರ ಬಾಗು ಬೇರೆ ಕೆಲಸಕ್ಕೆ ಮಾಡಿದ್ದು. ಕುಕ್ರಿಯ ಭಾರ ಎಲ್ಲ ಮುಂದಕ್ಕೆ ಜೋತುಬಿದ್ದಿರುತ್ತೆ. ಎತ್ತಿ ಹೊಡೆಯೋಕೆ, ಸೌದೆ ತುಂಡು ಮಾಡೋಕೆ ಬಹಳ ಚೆನ್ನಾಗಿದೆ. ನಮ್ಮ ಕಡೆಯ ಕತ್ತಿಗೆ ತುದಿಯಲ್ಲಿ ಕೊಕ್ಕು ಇರುತ್ತೆ, ಬಾಯಿ ಒಳಮುಖವಾಗಿ ಬಾಗಿರುತ್ತೆ. ಕೈಗೆ ಎಟುಕದ ರೆಂಬೆಗೆ ಕೊಕ್ಕು ಹಾಕಿ ಎಳೆದರೆ ಅದು ಜಾರಿ ಹೋಗೋದಿಲ್ಲ, ಬಾಗಿನ ಒಳಗೆ ಸಿಕ್ಕಿಕೊಂಡು ಕುಯ್ದು ಬೀಳುತ್ತೆ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯೋದು, ಬೇಲಿ ಸವರೋದು, ಮುಳ್ಳಿನ ಬಳ್ಳಿಯನ್ನು ಕೈ ಹಾಕದೆ ಈಚೆಗೆ ಎಳೆಯೋದು, ಎಲ್ಲ ಎಳೆತದ ಕೆಲಸ. ನೀವು ಹೇಳಿದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಅಲ್ವಾ?

ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ಕುಕ್ರಿಯಲ್ಲಿ ಲಂಟಾನಕ್ಕೆ ಹೊಡೆದರೆ ಆ ತೆಳು ಕಡ್ಡಿ ಸುಮ್ನೆ ಬಾಗಿ ಮತ್ತೆ ಎದ್ದು ನಿಲ್ಲುತ್ತಿತ್ತು. ಬಾಯಿ ದಪ್ಪ ಇದೆ, ಅದಕ್ಕೇ ಹೀಗೆ ಅಂದುಕೊಂಡೆ. ಅಷ್ಟರ ಮಟ್ಟಿಗೆ ಅಂದಾಜು ಸರಿಯೇ ಇತ್ತು. ತಪ್ಪಿದ್ದು ಆಮೇಲೆ.

ಪೇಟೆಯ ಒಂದು ವೆಲ್ಡಿಂಗ್ ಅಂಗಡಿಗೆ ತಗೊಂಡು ಹೋದೆ. ಅಲ್ಲಿ ಕರೆಂಟಿನ ಸಾಣೆ ಇತ್ತು. ಹುಡುಗ ಅಲಗನ್ನು ಚಕ್ರಕ್ಕೆ ಒತ್ತಿ ಹಿಡಿದ. ಕಿಡಿ ಹಾರೋದು ನೋಡಿ ನನಗೂ ಖುಷಿ. ಸ್ವಲ್ಪ ಹೊತ್ತಿಗೆ ಬಾಯಿಯ ಅಂಚಿನಲ್ಲಿ ಒಂದು ಬಣ್ಣ ಬಂತು. ಮೊದಲು ಒಣಹುಲ್ಲಿನ ಹಳದಿ, ಅದು ಕಂದು ಆಯಿತು, ಆಮೇಲೆ ನೇರಳೆ, ಕೊನೆಗೆ ನವಿಲಿನ ಕತ್ತಿನ ನೀಲಿ. ಚೆಂದ ಕಂಡಿತು! ಅವನು ಬಕೆಟ್ ನೀರಿಗೆ ಅದ್ದಿದ, ಚುಂಯ್ ಅಂತು. ಮತ್ತೆ ಒತ್ತಿ ಹಿಡಿದ. ಕೊನೆಗೆ ಬಣ್ಣ ಚೆನ್ನಾಗಿ ಕಾಣಲ್ಲ ಅಂತ ಎಮರಿ ಪೇಪರ್ ಹಾಕಿ ಉಜ್ಜಿ ಬೆಳ್ಳಗೆ ಹೊಳೆಯೋ ಹಾಗೆ ಮಾಡಿ ಕೊಟ್ಟ. ಕೈಮೇಲಿನ ಕೂದಲು ಬೋಳಿಸುವಷ್ಟು ಹರಿತ ಇತ್ತು. ನಾನು ದುಡ್ಡು ಕೊಟ್ಟು ಬಂದೆ.

ಇಲ್ಲಿ ಏನಾಯಿತು ಅಂತ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೂ ಓದಿ, ಯಾಕೆಂದರೆ ನೀವು ಎಂಥ ಕತ್ತಿಯನ್ನೇ ತಗೊಂಡರೂ ಅದನ್ನು ಹಾಳು ಮಾಡೋದಿದ್ದರೆ ಹೀಗೇ ಮಾಡೋದು. ಉಕ್ಕನ್ನು ಕೆಂಪಗೆ ಕಾಯಿಸಿ, ಅಯಸ್ಕಾಂತ ಕಚ್ಚದಷ್ಟು ಬಿಸಿ ಆದ ಮೇಲೆ, ಅಂದರೆ 770 ಡಿಗ್ರಿ ದಾಟಿದ ಮೇಲೆ, ನೀರಿಗೋ ಎಣ್ಣೆಗೋ ಅದ್ದಿದರೆ ಗಡುಸಾಗುತ್ತೆ. ಅಷ್ಟೇ ಬಿಟ್ಟರೆ ಗಾಜಿನ ಹಾಗೆ ಚಕ್ಕೆ ಏಳುತ್ತೆ. ಅದಕ್ಕೆ ಮತ್ತೆ ಸಣ್ಣಗೆ ಕಾಯಿಸಿ ಗಡಸು ಸ್ವಲ್ಪ ಇಳಿಸುತ್ತಾರೆ. ಆ ಇಳಿಸೋ ಬಿಸಿ ಎಷ್ಟು ಅಂತ ಹೇಳೋದೇ ಆ ಬಣ್ಣ. ಹುಲ್ಲಿನ ಹಳದಿ ಸುಮಾರು 220, 230 ಡಿಗ್ರಿಗೆ ಬರುತ್ತೆ, ನೀಲಿ ಬರೋದು 300ರ ಹತ್ತಿರ. ಕತ್ತಿ ಬಾಯಿಗೆ ಹಳದಿಯಿಂದ ಕಂದಿನವರೆಗೆ ಸರಿ. ನೀಲಿ ಬಂತು ಅಂದರೆ ಬೇಕಾದ್ದಕ್ಕಿಂತ ಮೆತ್ತಗಾಯಿತು ಅಂತ ಅರ್ಥ. ಬಾಯಿ ಬೆನ್ನಿಗಿಂತ ತೆಳು ಇರೋದರಿಂದ ಆ ಬಿಸಿ ಬೆನ್ನಿನ ಕಡೆ ಹರಿಯೋಕೆ ಪುರಸೊತ್ತೇ ಇರೋದಿಲ್ಲ, ಕೆಲವೇ ಸೆಕೆಂಡಿನಲ್ಲಿ ಹದ, ಅಂದರೆ ಬಾಯಿಗೆ ಬೇಕಾದ ಗಡಸು, ಹೋಗಿರುತ್ತೆ. ಬೆನ್ನು ಮುಟ್ಟಿ ನೋಡಿದರೆ ಬೆಚ್ಚಗೆ ಅಷ್ಟೇ.

ಇನ್ನೊಂದು. ನೀಲಿ ಬಂದ ಮೇಲೆ ನೀರಿಗೆ ಅದ್ದಿದರೆ ಹದ ವಾಪಸ್ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬರಲ್ಲ. ಗಡಸು ಬರಬೇಕಾದರೆ ಮತ್ತೆ ಕೆಂಪಗೆ ಕಾಯಬೇಕು. ಅದ್ದಬೇಕಾಗಿದ್ದು ಬಣ್ಣ ಬರೋ ಮೊದಲು. ಮತ್ತೆ ಆ ಬಣ್ಣ ಮೇಲಿನ ಬರೀ ತೆಳು ಪೊರೆ, ಉಜ್ಜಿದರೆ ಹೋಗುತ್ತೆ. ಒಳಗಿನ ಉಕ್ಕು ಮೆತ್ತಗೇ ಇರುತ್ತೆ. ಅಂದರೆ ಹುಡುಗ ಎಮರಿ ಹಾಕಿ ಉಜ್ಜಿದ್ದು ಸಾಕ್ಷಿ ಅಳಿಸಿದ ಹಾಗಾಯಿತು. ಅವನನ್ನು ಬೈದು ಉಪಯೋಗ ಇಲ್ಲ. ಗೇಟು, ಕಿಟಕಿ ಮಾಡೋ ಅಂಗಡಿಗೆ ಕತ್ತಿ ಹೊತ್ತುಕೊಂಡು ಹೋದವನು ನಾನು.

ಮೊದಲ ಬೆಳಿಗ್ಗೆ ಬೆಣ್ಣೆ ಕುಯ್ದ ಹಾಗೆ ಕುಯ್ಯಿತು. ಮಧ್ಯಾಹ್ನದ ಹೊತ್ತಿಗೆ ಮೊಂಡು. ಬೆಳಕಿಗೆ ಹಿಡಿದು ನೋಡಿದರೆ ಅಂಚು ಒಂದು ಕಡೆ ಮಗುಚಿಕೊಂಡಿತ್ತು, ಉಗುರಿಗೆ ತಾಗುತ್ತಿತ್ತು. ಕಲ್ಲಿಗೆ ಹಾಕಿ ಮಸೆದೆ, ಮತ್ತೆ ಅದೇ ಕಥೆ. ಕತ್ತಿ ಮೊಂಡಾದಾಗ ಮನುಷ್ಯ ಮಾಡೋದು ಒಂದೇ, ಇನ್ನೂ ಜೋರಾಗಿ ಹೊಡೆಯೋದು. ಹಾಗೆ ಜೋರಾಗಿ ಬಿದಿರಿಗೆ ಹೊಡೆದೆ. ಬಿದಿರಿನ ಸಿಪ್ಪೆ ಮೊದಲೇ ನುಣುಪು, ಗಟ್ಟಿ. ಕತ್ತಿ ಕಚ್ಚಲಿಲ್ಲ, ಜಾರಿತು, ಬಂದು ಎಡಗಾಲಿನ ಮುಂಗಾಲಿಗೆ ಕೂತಿತು. ಮೊಂಡು ಅಂತ ನಾನು ಶಾಪ ಹಾಕುತ್ತಿದ್ದ ಕತ್ತಿ ಕಾಲಿಗೆ ಮಾತ್ರ ಚೆನ್ನಾಗೇ ಹರಿತ ಇತ್ತು. ಹೊಲಿಗೆ ಬಿತ್ತು. ಆ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನಾನು ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದೆ, ಆಳು ಕೂಲಿ ಎಲ್ಲ ಅಮ್ಮನ ತಲೆಗೆ.

ಕಾಲು ಸರಿಯಾದ ಮೇಲೆ ಕುಕ್ರಿ ಹಿಡಿದುಕೊಂಡು ನಮ್ಮ ಪಕ್ಕದ ಊರಿನ ಆಚಾರ್ರ, ಅಂದರೆ ಕತ್ತಿ ಬಡಿಯೋ ಕಮ್ಮಾರರ, ಹತ್ತಿರ ಹೋದೆ. ಅವರು ಏನೂ ಕೇಳಲಿಲ್ಲ. ಅರ, ಅಂದರೆ ಕಬ್ಬಿಣ ಉಜ್ಜೋ ಫೈಲ್, ತಗೊಂಡು ಬಾಯಿಗೆ ಒಂದು ಸಲ ಎಳೆದರು. ಅರ ಕಚ್ಚಿಕೊಂಡು ಪುಡಿ ಉದುರಿತು. "ಇದರ ಹದ ಪೂರಾ ಹೋಗಿದೆ ಮಾರಾಯ್ರೇ, ಸಾಣೆಗೆ ಕೊಟ್ಟಿದ್ರಾ?" ಅಂದರು. ಮತ್ತೆ ಹದ ಹಾಕೋಕೆ ಆಗಲ್ವಾ ಅಂತ ಕೇಳಿದೆ. ಆಗುತ್ತೆ, ಆದರೆ ಹಿಡಿ ಒಳಗೆ ಅಂಟು ಹಾಕಿ ಕೂರಿಸಿದ್ದಾರೆ, ಕೆಂಪಗೆ ಕಾಯಿಸೋ ಮುಂಚೆ ಕೋಡಿನ ಹಿಡಿ ಒಡೆದೇ ತೆಗೀಬೇಕು, ಆಮೇಲೆ ನೀವು ಅದಕ್ಕೆ ಅತ್ತರೆ ನಾನು ಜವಾಬ್ದಾರ ಅಲ್ಲ ಅಂದರು. "ನಿಮ್ಮ ಅಪ್ಪಯ್ಯನ ಕತ್ತಿ ನಾನೇ ಮಾಡಿದ್ದು, ಅದೆಲ್ಲಿ?"

ಅದನ್ನು ತಂದುಕೊಟ್ಟೆ. ಹಿಡಿ ತೆಗೆದು ಕುಲುಮೆಗೆ ಇಟ್ಟರು. ಸವೆದ ಬಾಯಿಯನ್ನು ತಟ್ಟಿ ತಟ್ಟಿ ಮತ್ತೆ ಅಗಲ ಮಾಡಿದರು, ಕೊಕ್ಕನ್ನು ಸ್ವಲ್ಪ ಒಳಕ್ಕೆ ತಿರುಗಿಸಿದರು. ಹದ ಹಾಕಿದ ಮೇಲೆ ಕಲ್ಲಿನ ಚೂರಿನಿಂದ ಅಲಗಿನ ಒಂದು ಪಟ್ಟಿ ಬೆಳ್ಳಗಾಗೋ ಹಾಗೆ ಉಜ್ಜಿ, ಬೆನ್ನನ್ನು ಕೆಂಡದ ಮೇಲೆ ಹಿಡಿದುಕೊಂಡು ಸುಮ್ಮನೆ ನೋಡುತ್ತಾ ಕೂತರು. ಹಳದಿ ಬಣ್ಣ ಬೆನ್ನಿನ ಕಡೆಯಿಂದ ನಿಧಾನಕ್ಕೆ ಬಾಯಿ ಕಡೆ ಹರಿದು ಬಂತು. ಅಂಚು ಮುಟ್ಟಿದ ತಕ್ಷಣ ನೀರಿಗೆ. ಅದೇ ಬಣ್ಣಗಳು, ಆ ಹುಡುಗನ ಚಕ್ರದಲ್ಲಿ ನೋಡಿದ್ದೆ. ಇವರು ಅದನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದರು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದೆ ಅಂತ ನನ್ನ ಅಭಿಪ್ರಾಯ. ಯಾವ ಕತ್ತಿ ಅಂತ ಕೇಳಬೇಡಿ. ಯಾರ ಹತ್ತಿರ ಮಾಡಿಸಲಿ, ಮುಂದಿನ ವರ್ಷ ಅವರ ಹತ್ತಿರ ವಾಪಸ್ ಹೋಗೋಕೆ ಆಗುತ್ತಾ ಅಂತ ಕೇಳಿ. ದಿನಾ ದುಡಿಯೋ ಕತ್ತಿ ಒಂದು ಸಲ ಕೊಂಡು ಮುಗಿಯೋ ವಸ್ತು ಅಲ್ಲ. ಸವೆಯುತ್ತೆ, ಕಲ್ಲಿಗೆ ಬಡಿದು ಚಕ್ಕೆ ಏಳುತ್ತೆ, ಹಿಡಿ ಸಡಿಲ ಆಗುತ್ತೆ. ಆಗೆಲ್ಲ ಕುಲುಮೆಗೆ ಹೋಗಲೇಬೇಕು. ಕೊರಿಯರ್‌ನಲ್ಲಿ ಬಂದಿದ್ದಕ್ಕೆ ಕುಲುಮೆ ಎಲ್ಲಿದೆ ಹೇಳಿ?

ಸ್ಟೀಲ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲಾರಿ ಪಟ್ಟಿಯಲ್ಲಿ ನೂರಕ್ಕೆ ಸುಮಾರು 0.6ರಷ್ಟು ಇಂಗಾಲ ಇರುತ್ತೆ, ಕತ್ತಿಗೆ ಅದು ಧಾರಾಳ ಸಾಕು. ನೇಪಾಳದವರು ಬಡಿಯೋದೂ ಅದನ್ನೇ, ನಮ್ಮವರು ಬಡಿಯೋದೂ ಅದನ್ನೇ. ಗುಜರಿಯಿಂದ ಒಂದು ತುಂಡು ಪಟ್ಟಿ ನೀವೇ ತಂದುಕೊಟ್ಟರೆ ಇನ್ನೂ ಒಳ್ಳೇದು. ಅಲೆ ಅಲೆ ಗೆರೆ ತೋರಿಸಿ ಡಮಾಸ್ಕಸ್ ಉಕ್ಕು ಅಂತ ಮಾರೋದಕ್ಕೆ ಮರುಳಾಗಬೇಡಿ, ಲಂಟಾನಕ್ಕೆ ಆ ಗೆರೆ ಕಾಣೋದಿಲ್ಲ.

ಒಡಿಕತ್ತಿ ಬಗ್ಗೆ. ಅದು ಕೊಡವರು ಸೊಂಟದ ಹಿಂದೆ ತೋಡಂಗ್ ಅನ್ನೋ ಕೊಕ್ಕೆಗೆ ಸಿಕ್ಕಿಸಿಕೊಳ್ಳೋ ಯುದ್ಧದ ಕತ್ತಿ, ಅಗಲ ಜಾಸ್ತಿ, ಭಾರನೂ ಜಾಸ್ತಿ. ಕೈಲ್‌ಪೊಳ್ದ್ ಅನ್ನೋ ಕೊಡವರ ಆಯುಧಪೂಜೆ ಹಬ್ಬದ ದಿನ ಪೂಜೆಗೆ ಇಡುತ್ತಾರೆ, ಮದುವೆಯಲ್ಲಿ ಬಾಳೆದಿಂಡು ಕಡಿಯುತ್ತಾರೆ. ಆ ಗೌರವಕ್ಕೆ ತಕ್ಕ ಜಾಗ ಅದಕ್ಕಿದೆ. ಪ್ರವಾಸಿಗರಿಗೆ ಅಂತ ಮಾಡಿದ ಹೊಳೆಯೋ ತುಂಡು ತಂದು ಬೇಲಿಗೆ ಇಳಿಸೋದು ನನಗಂತೂ ಸರಿ ಕಾಣಲ್ಲ. ಕೊಡಗಿನ ತೋಟಗಳಲ್ಲೂ ಕಾಡು ಸವರೋಕೆ ಬೇರೆ ಮಾಮೂಲಿ ಕತ್ತಿಯೇ ಇರುತ್ತೆ.

ಆಚಾರ್ರ ಹತ್ತಿರ ಹೋದಾಗ ನಿಮ್ಮ ಕೆಲಸ ಏನು ಅಂತ ಹೇಳಿ, ಕತ್ತಿಯ ಫೋಟೋ ತೋರಿಸಬೇಡಿ. ಅಳತೆ ಅವರಿಗೆ ಬಿಡಿ. ಸಿದ್ಧ ಇರೋದನ್ನು ತಗೊಳ್ಳೋದಾದರೆ ಮೊದಲು ಹಿಡಿ ನೋಡಿ, ಆಮೇಲೆ ಅಲಗು. ಹಿಡಿದಾಗ ಬೆರಳುಗಳು ಸುತ್ತಿ ಬರಬೇಕು, ತುದಿ ಸ್ವಲ್ಪ ಉಬ್ಬಿರಬೇಕು, ಇಲ್ಲದಿದ್ದರೆ ಮಳೆಯಲ್ಲಿ ಕೈ ಜಾರುತ್ತೆ. ಪಾಲಿಶ್ ಮಾಡಿ ನುಣ್ಣಗೆ ಮಾಡಿದ ಹಿಡಿ ಬೇಡವೇ ಬೇಡ. ಹಸಿ ಮರದ ಹಿಡಿ ಬೇಸಿಗೆಗೆ ಒಣಗಿ ಕುಗ್ಗಿ ಸಡಿಲ ಆಗುತ್ತೆ, ಅದಕ್ಕೆ ಒಣಗಿದ ಮರವಾ ಅಂತ ಕೇಳಿ. ಕೈ ಪೂರ್ತಿ ಚಾಚಿ ಕತ್ತಿ ಹಿಡಿದು ಮಣಿಕಟ್ಟು ಎರಡೂ ಕಡೆ ತಿರುಗಿಸಿ. ಆಗಲೇ ಭಾರ ಅನಿಸಿದರೆ ಮಧ್ಯಾಹ್ನದ ಹೊತ್ತಿಗೆ ಮೊಣಕೈ ನೋಯುತ್ತೆ. ಹೊಸಬರೆಲ್ಲ ಭಾರದ್ದೇ ಆರಿಸುತ್ತಾರೆ. ಬೆನ್ನಿನ ಮೇಲೆ ಒಂದು ಕಣ್ಣು ಮುಚ್ಚಿ ನೋಡಿ, ನೇರ ಇದೆಯಾ ಅಂತ. ಹಿಡಿ ಹಾಕದ ಅಲಗಾದರೆ ಎರಡು ಬೆರಳಲ್ಲಿ ನೇತುಹಾಕಿ ತಟ್ಟಿ. ಟಣ್ ಅಂತ ಎಳೆದು ಬಂದರೆ ಸರಿ, ಸದ್ದು ಸತ್ತ ಹಾಗಿದ್ದರೆ ಎಲ್ಲೋ ಬಿರುಕು ಇರಬಹುದು. ಅರ ಎಳೆದರೆ ಬಾಯಿ ಮೇಲೆ ಜಾರಬೇಕು, ಬೆನ್ನಿಗೆ ಕಚ್ಚಬೇಕು. ಕೇಳಿಯೇ ಎಳೆಯಿರಿ, ಯಾವ ಆಚಾರ್ರೂ ಬೇಜಾರು ಮಾಡಿಕೊಳ್ಳಲ್ಲ.

ಮಸೆಯೋದು ಕೈಯಲ್ಲೇ. ನೀರು ಹಾಕಿದ ಮಸೆಗಲ್ಲು ಸಾಕು. ನಮ್ಮಲ್ಲಿ ಮರದ ಹಲಗೆ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಮಸೆಯುತ್ತಾರೆ, ಅದೂ ಚೆನ್ನಾಗಿರುತ್ತೆ. ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು, ಆದರೆ ಕೈಯಲ್ಲಿ ಮಸೆದು ಕತ್ತಿಯನ್ನು ನೀಲಿ ಮಾಡಿದವರು ಯಾರೂ ಇಲ್ಲ.

ಪೊಲೀಸ್ ತಕರಾರು ಆಗುತ್ತಾ ಅಂತಲೂ ಕೊನೆಗೆ ಕೇಳಿದ್ದೀರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮನೆಬಳಕೆಗೆ, ಕೃಷಿಗೆ ಅಂತಲೇ ಮಾಡಿದ ಸಲಕರಣೆಯನ್ನು ಆಯುಧದ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು ಹೇಳುವಾಗ ಕುಕ್ರಿಯ ಹೆಸರನ್ನೇ ಎತ್ತಿ ಹೇಳಿದ್ದರು. ತೋಟದಲ್ಲಿ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಓಡಾಡಿದರೆ ಯಾರೂ ತಿರುಗಿಯೂ ನೋಡೋದಿಲ್ಲ. ಬೆಂಗಳೂರಿಂದ ಕಾರಿನ ಸೀಟಿನ ಕೆಳಗೆ ಕುಕ್ರಿ ಇಟ್ಟುಕೊಂಡು ಹೋದರೆ ಚೆಕ್‌ಪೋಸ್ಟ್‌ನಲ್ಲಿ ವಿವರಣೆ ಕೊಡೋ ಕೆಲಸ ನಿಮ್ಮದೇ. ಕತ್ತಿಯನ್ನು ಅಲ್ಲೇ ಮಾಡಿಸಿ, ತೋಟದ ಮನೆಯಲ್ಲೇ ಬಿಟ್ಟು ಬನ್ನಿ. ಅಕ್ಕಪಕ್ಕದ ತೋಟದವರನ್ನು ಕೇಳಿದರೆ ತಾವು ಯಾವ ಆಚಾರ್ರ ಹತ್ತಿರ ಹೋಗುತ್ತೇವೆ ಅಂತ ಹೇಳುತ್ತಾರೆ. ಮಳೆಗಾಲಕ್ಕೆ ಮೊದಲೇ ಹೋಗಿ, ಆಮೇಲೆ ಎಲ್ಲರ ಕತ್ತಿಯೂ ಅಲ್ಲಿ ಸಾಲಿನಲ್ಲಿರುತ್ತೆ.